ಹುಡುಗಿ ಇನ್ನೂ ದಾರಿಯಲ್ಲಿದ್ದಾಳೆ

ನನ್ನ ತಮ್ಮನ ಮೊಮ್ಮಗಳಿಗೆ ಫೋನಿನಲ್ಲಿ ಗಿರಾಕಿಗಳ ತಕರಾರು ಕೇಳಿ ಸಮಾಧಾನ ಹೇಳುವ ಕೆಲಸ ಸಿಕ್ಕಿದೆ. "ಅಜ್ಜಾ, ನೀನೂ ಫೋನಿನ ಕೆಲಸಾನ ಮಾಡ್ದಾಂವ. ನಾಲ್ಕು ಮಾತು ಬರದು ಕೊಡು" ಎಂದಳು. ನಾನು ಕನ್ನಡಕ ಒರೆಸಿಕೊಂಡು ಕುಳಿತೆ. ಕುಳಿತ ಮೇಲೆ ನೆನಪಾಯಿತು, ನಾನು ಮಾಡುತ್ತಿದ್ದ ಕೆಲಸ ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರ ಬಗ್ಗೆ ಕೇಳಿದ್ದೇವೆ. ಕೂಸು ಮುದುಕಾಗಿ ತೀರಿಕೊಂಡ ಮೇಲೆ ಹೊಲಿಯಲು ಕುಳಿತವನು ಬಹುಶಃ ನಾನೊಬ್ಬನೇ.

ಎದ್ದುಬಿಡುತ್ತಿದ್ದೆ. ಆದರೆ ಅವಳು ಇನ್ನೊಂದು ಮಾತು ಹೇಳಿದಳು. ಅವಳ ಕಚೇರಿಯವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರಂತೆ. ಅದರಲ್ಲಿ ಯಾವ ನಿಘಂಟಿನಲ್ಲಿಯೂ ಇಲ್ಲದ ಮಾತುಗಳು ಓಡಾಡುತ್ತವಂತೆ. ಇವಳೂ ಹೊಸ ಹುರುಪಿನಲ್ಲಿ ಅಂಥದೊಂದು ಮಾತು ಎತ್ತಿಕೊಂಡು ಬಳಸಿದಳಂತೆ. "ಆವತ್ತಿನಿಂದ ಎಲ್ಲಾರೂ ನನಗ ಭಾಳ ಮರ್ಯಾದಿ ಕೊಡಾಕತ್ತಾರ, ಅಜ್ಜಾ. ಮ್ಯಾಡಮ್ ಅಂತಾರ" ಎಂದು ಖುಷಿಯಿಂದ ಹೇಳಿದಳು.

ಮ್ಯಾಡಮ್ ಎಂದದ್ದು ಕೇಳಿ ಮತ್ತೆ ಪೆನ್ನು ಎತ್ತಿಕೊಂಡೆ. ಆದ್ದರಿಂದ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವೆ ನಾನು ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದಲ್ಲಿ ಟ್ರಂಕ್ ಆಪರೇಟರನಾಗಿ ಸೇರಿದೆ. ಹೆಸರು ಬೀರಪ್ಪ, ಊರು ಹಲಕರ್ಣಿ, ಅಪ್ಪನದು ಕುರಿ ಕಾಯುವ ಕಸುಬು. ಆಗ ಗಡಹಿಂಗ್ಲಜದಿಂದ ಇಚಲಕರಂಜಿಗೆ ಫೋನ್ ಮಾಡಬೇಕಾದರೆ ಮೊದಲು ನನಗೆ ಹೇಳಬೇಕಿತ್ತು. ನಾನು ಒಂದು ಚೀಟಿ ಬರೆದುಕೊಂಡು ಕೊಲ್ಹಾಪುರದ ಆಪರೇಟರಿಗೆ ಹೇಳುತ್ತಿದ್ದೆ; ಕೊಲ್ಹಾಪುರದವರು ಇಚಲಕರಂಜಿಯವರಿಗೆ ಹೇಳುತ್ತಿದ್ದರು; ಇಚಲಕರಂಜಿಯವರು ನಿಮಗೆ ಬೇಕಾದವರ ಮನೆಯಲ್ಲಿ ಗಂಟೆ ಬಾರಿಸುತ್ತಿದ್ದರು. ಇಷ್ಟಾಗುವಷ್ಟರಲ್ಲಿ ಬಸ್ಸು ಹತ್ತಿದವನು ಎಷ್ಟೋ ಸಲ ಮೊದಲು ಮುಟ್ಟುತ್ತಿದ್ದ. ಆದರೂ ಜನ ಫೋನನ್ನೇ ನಂಬುತ್ತಿದ್ದರು. ಬಸ್ಸಿನಲ್ಲಿ ನಿಲ್ಲಬೇಕು, ನಮ್ಮ ಕಚೇರಿಯಲ್ಲಿ ಬಾಕಿನ ಮೇಲೆ ಕೂತು ಕಾಯಬಹುದಿತ್ತು.

ಹೀಗೆ ಮೂರು ಊರಿನ ನಾವು ಆಪರೇಟರುಗಳು ದಿನಕ್ಕೆ ಎಂಟು ತಾಸು ಒಬ್ಬರ ಕಿವಿಯಲ್ಲಿ ಒಬ್ಬರು ವಾಸವಾಗಿದ್ದೆವು. ಮುಖ ಯಾರೂ ಯಾರದೂ ನೋಡಿದ್ದಿಲ್ಲ. ತಂತಿಯ ಮೇಲೆ ಸ್ವಂತ ಹೆಸರು ಹೇಳಬಾರದೆಂದು ಇಲಾಖೆಯ ನಿಯಮ. ಮನುಷ್ಯರಿಗೆ ಹೆಸರು ಕೊಡಬೇಡ ಎಂದರೆ ಏನಾಗುತ್ತದೆಂದು ಆ ನಿಯಮ ಬರೆದವರಿಗೆ ಗೊತ್ತಿರಲಿಕ್ಕಿಲ್ಲ.

ಕೊಲ್ಹಾಪುರದಲ್ಲಿ ಪ್ಲಗ್ ಚುಚ್ಚಿ ಲೈನು ಜೋಡಿಸುವ ಬೋರ್ಡಿನ ಮುಂದೆ ಒಬ್ಬ ಹೆಣ್ಣುಮಗಳಿದ್ದಳು. ಲೈನು ಸಿದ್ಧವಾದ ಕೂಡಲೇ "ಗೂಳ ಘ್ಯಾ!" ಅನ್ನುತ್ತಿದ್ದಳು. ಬೆಲ್ಲ ತಗೊಳ್ಳಿ ಅಂತ. ಬೆಲ್ಲದ ಪೇಟೆಯ ಊರಿನವಳಿಗೆ ತಕ್ಕ ಮಾತು. ನಾವು ಕನ್ನಡದವರು ಅವಳನ್ನು ಬೆಲ್ಲದಕ್ಕ ಎಂದು ಕರೆಯುತ್ತಿದ್ದೆವು. ತವರು ನಿಪ್ಪಾಣಿಯಾದ್ದರಿಂದ ಅವಳಿಗೆ ನಮ್ಮ ಮಾತೂ ಬರುತ್ತಿತ್ತು. ಇಚಲಕರಂಜಿಯ ಬೋರ್ಡಿನಲ್ಲಿ ರಬಕವಿ ಕಡೆಯ ನೇಕಾರರ ಮನೆಯವನೊಬ್ಬನಿದ್ದ. ಲೈನು ಕಡಿದರೆ "ಲಾಳಿ ಹಾರೇತ್ರಿ!" ಎಂದು ಕೂಗುತ್ತಿದ್ದ, ಮಗ್ಗದಿಂದ ಲಾಳಿ ಹಾರಿ ಯಾರದೋ ಹಣೆಗೆ ಬಡಿದವರ ಹಾಗೆ. ಅವನು ಲಾಳಿ ಅಣ್ಣ.

ಇವಲ್ಲದೆ ಎಲ್ಲರೂ ಬಳಸುವ ಮಾತುಗಳು ಬೇರೆ ಇದ್ದವು. ಒಂದು ಕರೆಗೆ ಸಿಗುವ ಮೂರು ನಿಮಿಷ ಮುಗಿದರೂ ಮಾತು ಬಿಡದವರ ಬಗ್ಗೆ "ಎಲಿ ಎತ್ತಸ್ರಿ" ಎನ್ನುತ್ತಿದ್ದೆವು. ಉಂಡಾದ ಮೇಲೂ ಪಂಕ್ತಿಯಲ್ಲಿ ಕೂತವರನ್ನು ಏಳಿಸಿದಂತೆ. ಮೇಲಧಿಕಾರಿ ಬೆನ್ನ ಹಿಂದೆ ಬಂದರೆ "ಚಪ್ಪಲಿ ಕರಕರ" ಎಂದರೆ ಸಾಕು, ಮೂರೂ ಊರಿನಲ್ಲಿ ಏಕಕಾಲಕ್ಕೆ ಶಿಸ್ತು ನೆಲೆಸುತ್ತಿತ್ತು. ನಮ್ಮ ಮೇಲಧಿಕಾರಿ ಜೋಶಿ ಸಾಹೇಬರು ಕರಕರ ಅನ್ನುವ ಕೊಲ್ಹಾಪುರಿ ಚಪ್ಪಲಿ ಮೆಟ್ಟುತ್ತಿದ್ದರು.

ಸೇರಿದ ಮೊದಲ ತಿಂಗಳು ನನಗೆ ಇದರಲ್ಲಿ ಒಂದು ಅಕ್ಷರವೂ ತಿಳಿಯಲಿಲ್ಲ. ಇಲಾಖೆಯವರು ತರಬೇತಿಯಲ್ಲಿ ಕಲಿಸಿದ ಭಾಷೆ ಬೇರೆ, ತಂತಿಯ ಮೇಲೆ ಹರಿಯುವ ಭಾಷೆ ಬೇರೆ. ಗ್ರಾಹಕರು ಗಾಬರಿಯಿಂದ ಕಾಯುತ್ತಿರುವಾಗ ಒಬ್ಬಳು ಬೆಲ್ಲ ಹಂಚುತ್ತಾಳೆ, ಒಬ್ಬ ಮಗ್ಗ ನಿಲ್ಲಿಸುತ್ತಾನೆ, ಯಾರೋ ಎಲೆ ಎತ್ತಿಸುತ್ತಾರೆ. ಬಹುಶಃ ತಪ್ಪಿ ಯಾರದೋ ಮದುವೆಮನೆಯ ಫೋನಿಗೆ ನನ್ನನ್ನು ಕೂಡಿಸಿದ್ದಾರೆಂದು ನಾನು ಕೆಲವು ದಿನ ನಂಬಿದ್ದೆ.

ಜೋಶಿ ಸಾಹೇಬರಿಗೂ ಇದು ಸರಿಬರುತ್ತಿರಲಿಲ್ಲ. ಒಂದು ದಿನ ನನ್ನನ್ನು ಕರೆದು, "ಬೀರಪ್ಪ, ನಿಮ್ಮ ಅಕ್ಷರ ಚೊಲೊ ಅದಾವ. ಬೋರ್ಡಿನ ಮ್ಯಾಲೆ ಆಡೂ ಅನಧಿಕೃತ ಶಬ್ದಗಳದೊಂದು ಪಟ್ಟಿ ಮಾಡ್ರಿ. ಎಡಕ್ಕ ಶಬ್ದ, ಬಲಕ್ಕ ಅರ್ಥ" ಎಂದರು. ನಾನು ಸರ್ಕಾರಿ ಗಾಂಭೀರ್ಯದಿಂದ ಪಟ್ಟಿ ಮಾಡಿದೆ. "ಚಪ್ಪಲಿ ಕರಕರ" ಎಂಬುದರ ಎದುರು "ಮೇಲಧಿಕಾರಿಗಳ ಆಗಮನದ ಪೂರ್ವಸೂಚನೆ" ಎಂದು ಬರೆದೆ. ಸಾಹೇಬರು ಓದಿದರು. ತಮ್ಮ ಪಾದಗಳನ್ನು ಒಮ್ಮೆ ನೋಡಿಕೊಂಡರು. ಮರುದಿನದಿಂದ ರಬ್ಬರ್ ಅಟ್ಟೆಯ ಮೆತ್ತನೆಯ ಬೂಟು ಹಾಕಿಕೊಂಡು ಬರತೊಡಗಿದರು. ಈಗ ಅವರು ಬಂದದ್ದೇ ತಿಳಿಯುತ್ತಿರಲಿಲ್ಲ. ಆದರೆ ನಾವು "ಚಪ್ಪಲಿ ಕರಕರ" ಅನ್ನುವುದನ್ನು ಬಿಡಲಿಲ್ಲ. ಬೂಟಿನ ಸಾಹೇಬರು ಬಂದರೂ ಚಪ್ಪಲಿಯೇ ಕರಕರ ಅನ್ನುತ್ತಿತ್ತು. ಮಾತು ಒಮ್ಮೆ ಕೆಲಸಕ್ಕೆ ಸೇರಿತೆಂದರೆ ಅದಕ್ಕೆ ನಿವೃತ್ತಿ ಇಲ್ಲ.

ಇನ್ನು ನನ್ನ ಅಪರಾಧದ ವಿಷಯ.

ಬೆಲ್ಲದಕ್ಕ "ಗೂಳ ಘ್ಯಾ" ಎಂದ ಕೂಡಲೇ ಲಾಳಿ ಅಣ್ಣ ಎಂಥ ಕೆಲಸವಿದ್ದರೂ ಬಿಟ್ಟು ಲೈನು ಕೊಡುತ್ತಿದ್ದ. ಇದನ್ನು ನಾನು ಒಂದು ತಿಂಗಳು ವೈಜ್ಞಾನಿಕವಾಗಿ ಗಮನಿಸಿದೆ. ಮಾತು ಬಿತ್ತು, ಲೈನು ಬಂತು. ಮಾತು ಬಿತ್ತು, ಲೈನು ಬಂತು. ಇದು ಲೈನು ತರಿಸುವ ಮಂತ್ರ, ಹಳೆಯ ಆಪರೇಟರುಗಳು ಹೊಸಬರಿಗೆ ಹೇಳದೆ ಮುಚ್ಚಿಟ್ಟುಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ಒಂದು ಮಧ್ಯಾಹ್ನ ಮೆಣಸಿನಕಾಯಿ ವ್ಯಾಪಾರಿಯೊಬ್ಬ ನನ್ನ ತಲೆಯ ಮೇಲೆ ಕೂತಿದ್ದ. ಬೆಲ್ಲದಕ್ಕ ಇಚಲಕರಂಜಿಗೆ ತಂತಿ ಜೋಡಿಸಿ ಬೇರೆ ಕರೆಗೆ ಹೋಗಿದ್ದಳು. ಲಾಳಿ ಅಣ್ಣ "ತಡೀರಿ, ತಡೀರಿ" ಅನ್ನುತ್ತಲೇ ಇದ್ದ. ನಾನು ದನಿ ಸ್ವಲ್ಪ ತೆಳ್ಳಗೆ ಮಾಡಿ, "ಗೂಳ ಘ್ಯಾ!" ಎಂದೆ.

ತಟ್ಟನೆ ಲೈನು ಬಂತು. ವ್ಯಾಪಾರಿ ಸಂತೋಷಪಟ್ಟ. ನಾನಂತೂ ಆ ದಿನ ಏಳು ಸಲ ಬೆಲ್ಲ ಹಂಚಿದೆ. ಏಳನೆಯ ಸಲ ಬೆಲ್ಲದಕ್ಕ ತಂತಿಯ ಮೇಲೆಯೇ ಇದ್ದಳು. ಕೇಳಿಸಿಕೊಂಡು ಲೈನು ಜೋಡಿಸಿದಳು.

ಮರುದಿನ ಬೆಳಿಗ್ಗೆ ಕೊಲ್ಹಾಪುರದಿಂದ ದನಿ ಬಂತು: "ನಮಸ್ಕಾರ ಸಾಹೇಬರ. ತಮ್ಮ ಕರೆಯ ಸಂಖ್ಯೆ ಹೇಳಬೇಕು." ಇಚಲಕರಂಜಿಯಿಂದ: "ನಮಸ್ಕಾರ ಸಾಹೇಬರ. ದಯವಿಟ್ಟು ಕಾಯಬೇಕು." ಬೆಲ್ಲವಿಲ್ಲ, ಲಾಳಿಯಿಲ್ಲ, ಎಲೆಯಿಲ್ಲ. ತರಬೇತಿ ಪುಸ್ತಕವೇ ಬಾಯಿ ಬಿಟ್ಟು ಮಾತಾಡಿದ ಹಾಗೆ. ನನ್ನ ಕರೆಗಳು ಮಾತ್ರ ಸರದಿ ತಪ್ಪದೆ, ಒಂದು ಕ್ಷಣ ಮುಂಚೆಯೂ ಇಲ್ಲದೆ, ಕಟ್ಟುನಿಟ್ಟಾಗಿ ತಡವಾಗಿ ಬರುತ್ತಿದ್ದವು. ಜೋಶಿ ಸಾಹೇಬರು ಕದ್ದು ಕೇಳಿ, "ಅಂತೂ ಶಿಸ್ತು ಬಂತು" ಎಂದರು. ನಾನು ಉಬ್ಬಿ ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ಕೊಲ್ಹಾಪುರದವರೂ ಸಾಹೇಬರ ಅನ್ನಾಕತ್ತಾರ ನನಗ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಏನ್ ತಪ್ಪು ಮಾಡೀರಿ?"

"ತಪ್ಪೇನ ಮಾಡ್ಲಿ? ಮರ್ಯಾದಿ ಕೊಡಾಕತ್ತಾರ."

"ನಮ್ಮ ಅತ್ತಿ ಸಿಟ್ಟು ಬಂದಾಗ ನನಗ ಬರ್ರಿ ಹೋಗ್ರಿ ಅಂತಾರ. ಅಂಥಾ ಮರ್ಯಾದಿ ಇರಬೇಕು, ನೋಡ್ರಿ."

ನಾನು ಅದನ್ನು ಹೆಂಗಸರ ಮಾತೆಂದು ಬಿಟ್ಟುಬಿಟ್ಟೆ. ಮೂರು ವಾರ ಸಾಹೇಬನಾಗಿಯೇ ಇದ್ದೆ. ಗೊಂದಲವಿತ್ತು ನಿಜ. ಇಷ್ಟು ಗೌರವವಿದ್ದರೂ ಮಧ್ಯಾಹ್ನ ಬಿಡುವಿನಲ್ಲಿ ಯಾರೂ "ಊಟ ಆತೇನ್ರಿ?" ಎಂದು ಕೇಳುತ್ತಿರಲಿಲ್ಲ. ಗೌರವಸ್ಥರು ಉಣ್ಣುವುದಿಲ್ಲವೇನೋ ಎಂದುಕೊಂಡೆ.

ಹೀಗಿರುವಾಗ ಒಂದು ಬೆಳಿಗ್ಗೆ ಹತ್ತೂವರೆಗೆ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಬಂದಳು. ಮಹಾಗಾಂವದವಳು, ಹೆಸರು ಸುವರ್ಣಾ. ಕೈಯಲ್ಲಿ ಒಂದು ಸರ್ಕಾರಿ ಲಕೋಟೆ.

"ಅಣ್ಣಾ, ಇಚಲಕರಂಜಿಗೆ ಫೋನ ಹಚ್ಚಿ ಕೊಡ್ರಿ. ನಮ್ಮಪ್ಪ ಬೇಕಾಗ್ಯಾನ."

ಕೊಲ್ಹಾಪುರದಲ್ಲಿ ನರ್ಸಿನ ಶಿಕ್ಷಣಕ್ಕೆ ಅವಳು ಅರ್ಜಿ ಹಾಕಿದ್ದಳು. ಯಾರೋ ಒಬ್ಬಳು ಬಿಟ್ಟುಹೋದದ್ದರಿಂದ ಇವಳಿಗೆ ಜಾಗ ಸಿಕ್ಕಿತ್ತು. ಕಾಗದ ದಾರಿಯಲ್ಲಿ ಎಂಟು ದಿನ ತಿರುಗಾಡಿ ಅಂದೇ ಬೆಳಿಗ್ಗೆ ಬಂದಿತ್ತು. ಅಂದೇ ಸಂಜೆ ಐದರೊಳಗೆ ತಂದೆ ಖುದ್ದು ಬಂದು ಸಹಿ ಮಾಡಬೇಕು. ಇಲ್ಲದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವಳಿಗೆ. ತಂದೆ ಲಗಮಪ್ಪ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದ.

"ಅವ್ವ ಬಂದ್ರ ನಡ್ಯಾಂಗಿಲ್ಲೇನು?" ಎಂದೆ.

"ಅಪ್ಪನದ ಬೇಕಂತ್ರಿ. ಮತ್ತ ಅವ್ವ ಬರೂದೂ ಇಲ್ಲ. ಜಾಗಾ ಹೋದ್ರ ಚೊಲೋನ ಆತು, ಮುಂದಿನ ತಿಂಗಳ ಲಗ್ನಾ ಮಾಡೂಣು ಅಂತಾಳ." ಲಕೋಟೆಯನ್ನು ಮಡಿಚಿ ಬಿಚ್ಚಿ ಮಾಡುತ್ತ ಮುಂದುವರಿದಳು. "ಊರಾಗ ಒಬ್ಬರು ಅಂದ್ರು, ಯಾರನ್ನಾರ ಕರ್ಕೊಂಡ ಹೋಗಿ ಇಂವಾನ ನಮ್ಮಪ್ಪ ಅನ್ನು, ಸಹಿ ಮಾಡಸು, ಯಾರು ನೋಡ್ತಾರ ಅಂತ. ಅಪ್ಪನ ಹೆಸರು ಬ್ಯಾರೆಯವರ ಕಡಿಂದ ಹೆಂಗ ಬರಸೂದ್ರಿ?"

ನಾನು ಚೀಟಿ ಬರೆದು ಕೊಲ್ಹಾಪುರಕ್ಕೆ ಹೇಳಿದೆ.

"ನಮಸ್ಕಾರ ಸಾಹೇಬರ. ತಮ್ಮ ಕರೆ ಸರದಿಯಲ್ಲಿದೆ."

ಸರದಿ ಬರಲು ಮುಕ್ಕಾಲು ತಾಸು ಹಿಡಿಯಿತು. ಕೊನೆಗೆ ಹುಡುಗಿ ಹೇಳಿದ ಮಗ್ಗದ ಶೆಡ್ಡಿನ ಫೋನಿನಲ್ಲಿ ಮಾಲಕ ಸಿಕ್ಕ. ಲಗಮಪ್ಪ ಹದಿನೈದು ದಿನದ ಹಿಂದೆಯೇ ಕೆಲಸ ಬಿಟ್ಟು ಬೇರೆ ಶೆಡ್ಡಿಗೆ ಹೋಗಿದ್ದಾನೆ, ಯಾವ ಶೆಡ್ಡೋ ಗೊತ್ತಿಲ್ಲ ಎಂದ. ಲಾಳಿ ಅಣ್ಣನ ದನಿ ಬಂತು: "ಬೇಕಾದ ವ್ಯಕ್ತಿ ಲಭ್ಯರಿಲ್ಲ. ಚೀಟಿ ಮುಚ್ಚಲೇ, ಸಾಹೇಬರ?"

ಇಚಲಕರಂಜಿಯಲ್ಲಿ ಎಷ್ಟು ಶೆಡ್ಡು, ಎಷ್ಟು ಮಗ್ಗ! ಯಾರಾದರೂ ಶೆಡ್ಡಿನಿಂದ ಶೆಡ್ಡಿಗೆ ಫೋನ್ ಮಾಡಿ ಹುಡುಕಿದರೆ ಮಾತ್ರ ಆ ಮನುಷ್ಯ ಸಿಗಬೇಕು. ಹಾಗೆ ಹುಡುಕುವುದು ಆಪರೇಟರನ ಕೆಲಸವಲ್ಲ. ನಿಯಮದ ಪ್ರಕಾರ ಚೀಟಿ ಮುಚ್ಚಿದರೆ ಲಾಳಿ ಅಣ್ಣನದು ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಇಂಥ ಹುಡುಕಾಟವನ್ನು ಅವರು ಒಬ್ಬರಿಗೊಬ್ಬರು ಮಾಡಿಕೊಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೆ. ನನಗೆ ಯಾಕಿಲ್ಲ?

"ಒಂದು ನಿಮಿಷ ತಡೀರಿ" ಎಂದು ಹಿಂದೆ ತಿರುಗಿದೆ. ಜೋಶಿ ಸಾಹೇಬರು ಮೆತ್ತನೆಯ ಬೂಟಿನಲ್ಲಿ ಅಲ್ಲೇ ನಿಂತಿದ್ದರು. ಯಾವಾಗ ಬಂದಿದ್ದರೋ ದೇವರಿಗೇ ಗೊತ್ತು.

"ಸಾಹೇಬರ, ಇವರು ನನ್ನ ಜೋಡಿ ಹಿಂಗ್ಯಾಕ ಮಾತಾಡ್ತಾರ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮೂರು ವಾರ ಆತು, ಇನ್ನೂ ತಿಳೀಲಿಲ್ಲೇನು? ನಾನೂ ಹತ್ತು ವರ್ಷ ಬೋರ್ಡಿನ ಮ್ಯಾಲೆ ಕೂತಾಂವ, ಬೀರಪ್ಪ. ಎಲಿ ಎತ್ತೂದು, ಚಪ್ಪಲಿ ಕರಕರ ಅನ್ನೂದು ಊರಬಾವಿ ಇದ್ದಂಗ, ಯಾರೂ ಸೇದಬಹುದು. ಗೂಳ ಘ್ಯಾ ಅನ್ನೂದು ಆ ಹೆಣ್ಮಗಳ ಮನಿ ಬಾವಿ. ಮುಖ ಕಾಣಸಂಗಿಲ್ಲ, ಹೆಸರು ಹೇಳೂವಂಗಿಲ್ಲ. ಆಕಿಗೆ ಇರೂದು ಅದೊಂದ ಗುರುತು. ಅದನ್ನ ನೀವು ಹಾಕ್ಕೊಂಡ ತಿರಗ್ಯಾಡೀರಿ."

"ಅದು ಮಂತ್ರ ಅಂತ ತಿಳದಿದ್ದೆ, ಸಾಹೇಬರ."

"ಮಂತ್ರ ಅಲ್ರಿ. ಅದು ಆಕಿ ಸಹಿ."

ಬಾಕಿನ ಮೇಲೆ ಕುಳಿತ ಹುಡುಗಿ ಸಹಿ ಎಂಬ ಮಾತು ಕೇಳಿ ತಲೆ ಎತ್ತಿದಳು. ನಾನು ಅವಳ ಕಡೆ ನೋಡಲಾರದೆ ಬೋರ್ಡಿಗೆ ಮುಖ ಮಾಡಿದೆ. ಅನಧಿಕೃತ ಶಬ್ದಗಳ ಪಟ್ಟಿ ಮಾಡಿಸಿದ ಮನುಷ್ಯನಿಗೇ ಅವುಗಳ ಕಾನೂನು ಕಂಠಪಾಠವಾಗಿತ್ತು. ಇಷ್ಟು ವರ್ಷವಾದರೂ ನನಗೆ ಅದೊಂದು ಬಿಡಿಸದ ಗಂಟು.

ಈಗ ಏನು ಹೇಳಬೇಕು? ತಂತಿಯ ಮೇಲೆ ಕ್ಷಮೆ ಕೇಳುವುದಕ್ಕೆ ಇಲಾಖೆಯ ಭಾಷೆಯಲ್ಲಿ ಮಾತಿಲ್ಲ. ಅವರ ಭಾಷೆಯಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಮನೆಯ ಮಾತು ಆಡಿದೆ.

"ಅಕ್ಕಾ, ಅಣ್ಣಾ, ಇಬ್ಬರೂ ಇದ್ದೀರೇನು? ಚೀಟಿ ಮುಚ್ಚಬ್ಯಾಡ್ರಿ. ನಾ ಅಕ್ಕನ ಮಾತು ಕದ್ದೇನಿ. ಕದ್ದದ್ದು ಅಂತ ಈಗ ಗೊತ್ತಾತು. ಅದಕ್ಕ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ, ಜೀವ ಇರೂತನಕ ಸಾಹೇಬರ ಅನ್ರಿ. ಆದ್ರ ಈ ಹುಡುಗಿದು ಏನ್ ತಪ್ಪಿಲ್ಲ." ಹುಡುಗಿಯ ವಿಷಯ ಹೇಳಿದೆ. ಅವರು ಕೇಳುತ್ತಿದ್ದಾರೋ ಪ್ಲಗ್ ಕಿತ್ತು ಹೋಗಿದ್ದಾರೋ ತಿಳಿಯುತ್ತಿರಲಿಲ್ಲ. ಮಾತು ಮುಗಿದರೂ ನಿಲ್ಲಿಸಲು ಹೆದರಿಕೆಯಾಗಿ ಮುಂದುವರಿಸಿದೆ. "ನಮ್ಮಪ್ಪ ಕುರಿ ಕಾಯಾಂವ ಅದಾನ್ರಿ. ಸಂಜಿಗೆ ಹಿಂಡು ಎಣಸ್ತಾನ. ಒಂದು ಕಮ್ಮಿ ಬಿದ್ರ ಉಣ್ಣಾಕ ಕುಂದ್ರಾಂಗಿಲ್ಲ. ಇವತ್ತ ಒಂದು ಕಮ್ಮಿ ಐತ್ರಿ. ಲಗಮಪ್ಪ ಅಂತ."



ಆಮೇಲೆ ಲಾಳಿ ಅಣ್ಣನ ಹಳೆಯ ದನಿ. "ಗುರುತೇನು ಅವಂದು?"

ನಾನು ಹುಡುಗಿಯನ್ನು ಕೇಳಿದೆ. "ಎಡಗಾಲು ಒಂಚೂರು ಎಳೀತಾನ್ರಿ. ಮತ್ತ ಹಾಡ್ಕೋಂತ ಮಗ್ಗಾ ನಡಸ್ತಾನ."

"ಮಗ್ಗದ ಸಪ್ಪಳದಾಗ ಹಾಡು ಯಾರಿಗೆ ಕೇಳಸ್ತದೊ ಮಾರಾಯಾ!" ಎಂದ ಲಾಳಿ ಅಣ್ಣ. "ಇರ್ಲಿ. ಕಾಲು ಎಳ್ಯಾಂವ ಸಿಗ್ತಾನ. ಅಕ್ಕಾ, ಲೈನು ಬಿಡಬ್ಯಾಡ."

"ಮೀ ಹಾಯ್" ಎಂದಳು ಬೆಲ್ಲದಕ್ಕ. ನಾನಿದ್ದೇನೆ. ನನಗಲ್ಲ, ಅವನಿಗೆ.

ಹನ್ನೆರಡೂವರೆ ಆಯಿತು. ಲಾಳಿ ಅಣ್ಣ ಒಂದೊಂದೇ ಶೆಡ್ಡಿಗೆ ಗಂಟೆ ಬಾರಿಸುತ್ತಿದ್ದ. ಈ ಬಸ್ಸು ತಪ್ಪಿದರೆ ಹುಡುಗಿ ಐದರೊಳಗೆ ಕೊಲ್ಹಾಪುರ ಮುಟ್ಟುವುದು ಖಾತ್ರಿಯಿರಲಿಲ್ಲ. ಅವಳು ಎದ್ದಳು. "ನಾ ಹೋಗ್ತೇನ್ರಿ. ಅಪ್ಪ ಸಿಕ್ರ ಸೀದಾ ನರ್ಸಿನ ಸಾಲಿ ಆಫೀಸಿನ ಬಾಗಲಾಗ ಬಂದು ನಿಲ್ಲಂತ ಹೇಳ್ರಿ. ಸಿಗದಿದ್ರ..." ಆ ಮಾತು ಮುಗಿಸದೆ, ಲಕೋಟೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಎರಡಕ್ಕೆ ಐದು ನಿಮಿಷವಿರುವಾಗ ಕಿವಿ ಒಡೆಯುವ ಹಾಗೆ ಕೂಗು ಬಂತು. "ಸಿಕ್ಕಾನ! ನಡ್ರಿ, ಮಾತಾಡ್ರಿ!"

ಹಿಂದೆ ನೂರು ಮಗ್ಗಗಳ ಖಟಖಟ. ನಡುವೆ ಒಂದು ದನಿ: "ಯಾರ್ರಿ? ನನಗ ಯಾರು ಫೋನ ಮಾಡ್ತಾರ?" ನಾನು ಮಗಳು, ಕೊಲ್ಹಾಪುರ, ನರ್ಸಿನ ಜಾಗ, ಸಹಿ, ಐದು ಗಂಟೆ, ಬಾಗಿಲು ಎಂದು ಕೂಗಿದೆ. ಎರಡನೆಯ ಸಲ ಕೂಗುವಷ್ಟರಲ್ಲಿ ಆ ಕಡೆ ಯಾರೂ ಇರಲಿಲ್ಲ. ಫೋನನ್ನು ಇಡುವುದನ್ನೂ ಮರೆತು ಹೋಗಿದ್ದ. ಜೋತುಬಿದ್ದ ಫೋನಿನಿಂದ ಮಗ್ಗದ ಸಪ್ಪಳ ಮಾತ್ರ ಬರುತ್ತಿತ್ತು. ಮೂರು ಊರಿನ ನಾವು ಮೂವರೂ ಅದನ್ನೇ ಕೇಳಿದೆವು.

"ಕೇಳಸ್ಕೊಂಡಾನೋ ಇಲ್ಲೋ?" ಎಂದೆ.

"ಓಡಿದ್ದಂತೂ ಓಡ್ಯಾನ" ಎಂದ ಲಾಳಿ ಅಣ್ಣ. "ಎತ್ತಾಗ ಓಡ್ಯಾನೋ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ನಾನು ಪ್ಲಗ್ ಹಾಕಿದ ಕೂಡಲೇ ಬೆಲ್ಲದಕ್ಕನ ದನಿ. ನಮಸ್ಕಾರವಿಲ್ಲ, ಸಾಹೇಬನಿಲ್ಲ. "ಪೋರಗೀ ಪೋಚಲೀ ಕಾ?" ಹುಡುಗಿ ಮುಟ್ಟಿದಳೇನು?

ನನಗೇನು ಗೊತ್ತು! "ಇನ್ನೂ ದಾರ್ಯಾಗ ಅದಾಳಂತ ತಿಳ್ಕೋರಿ, ಅಕ್ಕಾ" ಎಂದೆ.

"ಅಜೂನ ವಾಟೇವರ" ಎಂದು ಅವಳು ಅದನ್ನೇ ಮರಾಠಿಯಲ್ಲಿ ಹೇಳಿ ನಿಟ್ಟುಸಿರುಬಿಟ್ಟಳು. ಆಮೇಲೆ, ತುಸು ತಡೆದು, "ಗೂಳ ಘ್ಯಾ, ಏಕ ಕಮೀ" ಎಂದಳು. ಒಂದು ಕಮ್ಮಿ. ನನಗೆ ಹೆಸರು ಬಂದಿತ್ತು. ಅದು ಮುಂದೆ ಹದಿನೈದು ವರ್ಷ ನನ್ನೊಂದಿಗಿತ್ತು. ಇಲಾಖೆ ಕೊಟ್ಟ ಎರಡು ಬಡ್ತಿಗಳ ವಿಷಯ ಇಲ್ಲಿ ಬರೆಯುವುದಿಲ್ಲ. ನನ್ನ ಪ್ರಕಾರ ಬಡ್ತಿ ಆದದ್ದು ಅದೊಂದೇ ಸಲ.

ಹುಡುಗಿ ಮುಟ್ಟಿದಳೋ ಇಲ್ಲವೋ ತಿಳಿಯಲಿಲ್ಲ. ನಮ್ಮ ಕೆಲಸದ ಸ್ವಭಾವವೇ ಹಾಗೆ. ಜನರ ಮಾತು ನಮ್ಮ ಕೈಯಿಂದ ಹಾದು ಹೋಗುತ್ತದೆ. ಮುಂದೇನಾಯಿತೆಂದು ಹಿಂದೆ ಬಂದು ಹೇಳುವವರಿಲ್ಲ. ಒಂದು ತಿಂಗಳಾದ ಮೇಲೆ ನಾನೇ ಮಹಾಗಾಂವಕ್ಕೆ ಹೋದೆ. ಮನೆಗೆ ಬೀಗ, ತಾಯಿ ಕುರಿ ಹೊಡೆದುಕೊಂಡು ಕರ್ನಾಟಕದ ಕಡೆ ಹೋಗಿದ್ದಳು. ಪಕ್ಕದ ಮನೆಯವರು ಹುಡುಗಿ ಕೊಲ್ಹಾಪುರದಲ್ಲಿದ್ದಾಳೆ ಎಂದರು. ಎದುರು ಮನೆಯವರು ನಿಪ್ಪಾಣಿಗೆ ಲಗ್ನ ಮಾಡಿ ಕೊಟ್ಟಾಯಿತು ಎಂದರು. ಚಹದಂಗಡಿಯವನು ಅಪ್ಪನ ಹತ್ತಿರವೇ ಇದ್ದು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾಳೆ ಎಂದ. ಹೋಗುವಾಗ ಒಂದು ಪ್ರಶ್ನೆ ಇತ್ತು. ಬರುವಾಗ ಮೂರು ಉತ್ತರಗಳಾಗಿ ತಲೆ ಭಾರವಾಯಿತು.

ಆದರೆ ಬೆಲ್ಲದಕ್ಕ ದಿನಾಲೂ ಕೇಳುವುದನ್ನು ಬಿಡಲಿಲ್ಲ. ನಾನು ಅದೇ ಉತ್ತರ ಕೊಡುವುದನ್ನೂ ಬಿಡಲಿಲ್ಲ. ಲಾಳಿ ಅಣ್ಣ ಆ ಮಾತು ಎತ್ತಿಕೊಂಡ. ಆಮೇಲೆ ಬೇರೆ ಊರುಗಳ ಬೋರ್ಡಿನವರೂ ಎತ್ತಿಕೊಂಡರು. ಎರಡು ವರ್ಷದಲ್ಲಿ ಯಾವ ಕರೆ ಬಾಕಿ ಇದ್ದರೂ "ಪೋರಗೀ ಪೋಚಲೀ ಕಾ?" "ಅಜೂನ ವಾಟೇವರ." ಸಿಮೆಂಟಿನ ವ್ಯಾಪಾರಿಯ ಕರೆಗೂ ಹುಡುಗಿ, ಕಲೆಕ್ಟರರ ಕರೆಗೂ ಹುಡುಗಿ. ಹೊಸದಾಗಿ ಸೇರಿದವರಿಗೆ ಯಾವ ಹುಡುಗಿ, ಎಲ್ಲಿಗೆ ಹೊರಟವಳು ಎಂಬುದೇ ಗೊತ್ತಿರಲಿಲ್ಲ; ಯಾರೂ ಕೇಳಲೂ ಇಲ್ಲ. ಊರಬಾವಿಯಾಗಿಬಿಟ್ಟಿತ್ತು.

ನನಗೆ ಇಚಲಕರಂಜಿಗೆ ವರ್ಗವಾದಾಗ ಲಾಳಿ ಅಣ್ಣ ನಿವೃತ್ತನಾಗಿ ರಬಕವಿಗೆ ಹೊರಟುಹೋಗಿದ್ದ. ಅವನ ಕುರ್ಚಿಯಲ್ಲಿ ಕುಳಿತೆ. ಲೈನು ಕಡಿದರೆ ನಾಲಿಗೆಯ ತುದಿಗೆ ಬರುತ್ತಿದ್ದ ಮಾತನ್ನು ನುಂಗಿಕೊಂಡು "ಲೈನು ಕಡಿದಿದೆ" ಎಂದಷ್ಟೇ ಹೇಳುತ್ತಿದ್ದೆ. ಪಾಠ ಕಲಿತಿದ್ದೆ.

ಎಂಬತ್ತರ ದಶಕದ ನಡುವೆ ಕೊಲ್ಹಾಪುರಕ್ಕೆ ಬಂದೆ. ಅಲ್ಲಿ ಬೆಲ್ಲದಕ್ಕ ನನ್ನಿಂದ ಎರಡು ಕುರ್ಚಿ ಆಚೆ! ದಪ್ಪ ಕನ್ನಡಕದ, ಬಿಗಿದ ತುರುಬಿನ ಗಂಭೀರ ಹೆಂಗಸು. ಮೊದಲ ದಿನ ಎದುರು ನಿಂತು ಇಬ್ಬರೂ ಕೈಮುಗಿದೆವು. "ಪ್ರವಾಸ ಚೊಲೊ ಆತೇನ್ರಿ?" "ಆತ್ರಿ." ಅಷ್ಟೇ. ಹತ್ತು ವರ್ಷ ಕಿವಿಯಲ್ಲಿದ್ದವಳಿಗೆ ಮುಖಕ್ಕೆ ಮುಖ ಕೊಟ್ಟು ಏನು ಹೇಳಬೇಕೆಂದು ತಿಳಿಯಲಿಲ್ಲ. ಹೆಡ್‌ಸೆಟ್ ಹಾಕಿಕೊಂಡ ಮೇಲೆ ಕೇಳಿಸಿತು: "ಕಾಯ್ ರೇ ಏಕ ಕಮೀ, ಕೂದಲು ಬೆಳ್ಳಗ ಆಗ್ಯಾವಲ್ಲ?" ಆಮೇಲೆ ವರ್ಷಗಟ್ಟಲೆ ಎರಡು ಕುರ್ಚಿಗಳ ಅಂತರದಲ್ಲಿ ಕುಳಿತು ತಂತಿಯಲ್ಲೇ ಮಾತಾಡಿದೆವು. ಇದು ಯಾವ ತರಹದ ಸ್ನೇಹ ಎಂದು ನನ್ನ ಹೆಂಡತಿ ಕೇಳಿದ್ದಳು. ನನಗೂ ಗೊತ್ತಿಲ್ಲ.

ಅಲ್ಲಿಯೇ ಒಂದು ಮಧ್ಯಾಹ್ನ ಆಸ್ಪತ್ರೆಯೊಂದರಿಂದ ಹೆಣ್ಣು ದನಿ ಕರೆ ಬುಕ್ ಮಾಡಿತು. ಮಹಾಗಾಂವದ ಹಾಲಿನ ಸಂಸ್ಥೆಯ ಫೋನಿಗೆ. ಯಾರು ಬೇಕು? "ಲಗಮಪ್ಪ ಅಂತ್ರಿ. ಎಡಗಾಲು ಎಳೀತಾನ, ಕೇಳಿದ್ರ ಯಾರಾರ ತೋರಸ್ತಾರ." ಮಾತಾಡುವವರು? "ಮಗಳು. ಸಿಸ್ಟರ್ ಸುವರ್ಣಾ."

ಚೀಟಿಯ ಮೇಲೆ ನನ್ನ ಪೆನ್ನು ನಿಂತಿತು. ಗ್ರಾಹಕರೊಂದಿಗೆ ಸ್ವಂತ ಮಾತು ಆಡಬಾರದೆಂಬ ನಿಯಮವನ್ನು ಇಡೀ ವೃತ್ತಿಯಲ್ಲಿ ಅದೊಂದೇ ಸಲ ಗೊತ್ತಿದ್ದೂ ಮುರಿದೆ.

"ತಂಗೀ, ಆವತ್ತ ನೀ ಮುಟ್ಟಿದಿಯೇನು?"

"ಯಾವತ್ತರಿ? ಯಾರು ನೀವು?"

"ಗಡಹಿಂಗ್ಲಜದಾಗ... ಬಾಕಿನ ಮ್ಯಾಲೆ ಕುಂತಿದ್ದಿ. ಅಪ್ಪ ಸಿಕ್ಕಿದ್ದಿಲ್ಲ."

"ಅಣ್ಣಾರ, ನೀವೇನು! ಮುಟ್ಟಿದೆ. ಐದಕ್ಕ ಹತ್ತು ಮಿನಿಟು ಇತ್ತರಿ. ಅಪ್ಪ ನನಗಿಂತ ಮೊದಲ ಬಂದು ಬಾಗಲಾಗ ನಿಂತಿದ್ದ. ಕೈಯಾಗ ಲಾಳಿ ಹಂಗ ಇತ್ತು; ಮಗ್ಗದಿಂದ ತಗದಾಂವ ಇಡೂದ ಮರ್ತು ಬಸ್ಸು ಹತ್ತ್ಯಾನ. ಸಹಿ ಮಾಡುಮುಂದ ಕಾಗದ ಹಾರಬಾರದಂತ ಅದನ್ನ ಕಾಗದದ ಮ್ಯಾಲೆ ಇಟ್ಟ. ಆಫೀಸಿನವರೆಲ್ಲಾ ನಕ್ಕರು."

ಎರಡು ಕುರ್ಚಿ ಆಚೆ ಬೆಲ್ಲದಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೆಡ್‌ಸೆಟ್ ತೆಗೆದಿಟ್ಟು, ಎದ್ದು, ನೀರಿನ ನಲ್ಲಿಯ ಕಡೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಕುಳಿತಳು. ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡಳು. ಆಮೇಲೆ ನನ್ನ ಕಿವಿಯಲ್ಲಿ: "ನಮಸ್ಕಾರ ಸಾಹೇಬರ. ಮೂರು ನಿಮಿಷ ಮುಗಿದಿದೆ."

ನಾವಿಬ್ಬರೂ ಬೋರ್ಡಿಗೆ ಮುಖ ಮಾಡಿಕೊಂಡೇ ನಕ್ಕೆವು. ರಬಕವಿಗೆ ಒಂದು ಕಾರ್ಡು ಬರೆದು ಹಾಕಿದೆ: ಹುಡುಗಿ ಮುಟ್ಟಿದ್ದಾಳೆ, ಲಾಳಿಯೂ ಮುಟ್ಟಿದೆ. ಉತ್ತರ ಬರಲಿಲ್ಲ. ಲಾಳಿ ಅಣ್ಣನ ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ. ಕಾರ್ಡಿನ ಮೇಲೆ "ಲಾಳಿ ಅಣ್ಣನವರಿಗೆ" ಎಂದೇ ಬರೆದಿದ್ದೆ. ರಬಕವಿಯಲ್ಲಿ ಮನೆಗೊಂದು ಲಾಳಿ.

ಎಂಬತ್ತರ ದಶಕದ ಕೊನೆಗೆ ನೇರ ಡಯಲು ಬಂತು. ಜನ ತಾವೇ ಗುಂಡಿ ಒತ್ತಿ ತಾವೇ ಮಾತಾಡುವ ವ್ಯವಸ್ಥೆ. ನಮ್ಮ ಬೋರ್ಡನ್ನು ಒಂದು ಬೆಳಿಗ್ಗೆ ಹನ್ನೊಂದಕ್ಕೆ ಮುಚ್ಚುವುದೆಂದು ಆದೇಶವಾಯಿತು. ಬೆಲ್ಲದಕ್ಕ ಆ ವಾರ ರಜೆಯಲ್ಲಿದ್ದಳು, ಬೇಕೆಂದೇ ಹಾಕಿದ್ದಳು. ಗಡಹಿಂಗ್ಲಜದ ತಂತಿಯನ್ನು ಕೊನೆಯದಾಗಿ ಕೀಳುವ ಕೆಲಸ ನನ್ನ ಪಾಲಿಗೆ ಬಂತು. ಆ ತುದಿಯಲ್ಲಿ ಒಬ್ಬ ಹೊಸ ಹುಡುಗಿ ಇದ್ದಳು, ಸೇರಿ ಆರು ತಿಂಗಳಾಗಿರಬಹುದು. ಅವಳು ರೂಢಿಯಂತೆ ಕೇಳಿದಳು:

"ಪೋರಗೀ ಪೋಚಲೀ ಕಾ?"

ಇಷ್ಟು ವರ್ಷದ ಮೇಲೆ ನಿಜ ಹೇಳುವ ಅವಕಾಶ ಸಿಕ್ಕಿದೆ ಎಂದು ನಾನು ಗಂಟಲು ಸರಿಮಾಡಿಕೊಂಡೆ. "ಮುಟ್ಟಿದಳು ತಂಗಿ. ಐದಕ್ಕ ಹತ್ತು ಮಿನಿಟು ಇದ್ದಾಗ ಮುಟ್ಟಿದಳು."

ಆ ಕಡೆ ಗೊಂದಲ. "ಆಂ? ಕಾಕಾ, ಏನಂದ್ರಿ?"

"ಹುಡುಗಿ ಮುಟ್ಟಿದಳು ಅಂದೆ."

"ಹಂಗಲ್ಲರಿ ಕಾಕಾ." ಅವಳು ತಾಳ್ಮೆಯಿಂದ ತಿದ್ದಿದಳು, ಹೊಸದಾಗಿ ಸೇರಿದವರಿಗೆ ಹೇಳುವ ಹಾಗೆ. "ನೀವು ಅಜೂನ ವಾಟೇವರ ಅನ್ನಬೇಕ್ರಿ. ಹಂಗ ಅಂದ ಮ್ಯಾಲೇನ ಲೈನು ಬಿಡೂದು ಪದ್ಧತಿ ಐತಿ."

ಗಡಿಯಾರದಲ್ಲಿ ಹನ್ನೊಂದಾಗಿತ್ತು. ಪದ್ಧತಿ ಮುರಿಯುವುದರ ಫಲ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಜೂನ ವಾಟೇವರ" ಎಂದೆ.

"ಹಾಂ" ಎಂದಳು ಸಮಾಧಾನದಿಂದ, ಮತ್ತು ಪ್ಲಗ್ ಕಿತ್ತಳು.